ಹಳೆಯ ನಾದ, ಹೊಸ ಮರ

ಒಂದು ವಾದ್ಯಕ್ಕೆ ಅದರ ನಾದದಿಂದ ಬೆಲೆ ಕಟ್ಟಬೇಕೋ, ವಂಶಾವಳಿಯಿಂದ ಬೆಲೆ ಕಟ್ಟಬೇಕೋ ಎಂದು ಕೇಳಿದರೆ, ನಾದದಿಂದಲೇ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಆದರೆ ಹಾಗೆ ಹೇಳಿದವರೇ ಕೊಳ್ಳುವ, ಮಾರುವ, ಹೊಗಳುವ, ಹಳಿಯುವ ಸಮಯ ಬಂದಾಗ ಕಿವಿಯನ್ನು ಬದಿಗಿಟ್ಟು ವಾದ್ಯದೊಳಗೆ ಅಂಟಿಸಿರುವ ಚೀಟಿಯನ್ನು ಓದತೊಡಗುತ್ತಾರೆ. ಸಾಹಿತ್ಯದಲ್ಲಿಯೂ ಈ ರೋಗ ಇಲ್ಲದಿಲ್ಲ. ಕವಿಯ ಹೆಸರನ್ನು ಮುಚ್ಚಿ ಕವಿತೆಯನ್ನು ಮುಂದಿಟ್ಟರೆ ನಮ್ಮಲ್ಲಿ ಎಷ್ಟು ಮಂದಿ ಅಭಿಪ್ರಾಯ ಹೇಳಲು ಧೈರ್ಯ ಮಾಡಿಯೇವು? ಆ ಮಾತು ಹಾಗಿರಲಿ. ಈಗ ನಾನು ಹೇಳಹೊರಟಿರುವುದು ಗಿಟಾರಿನ ವಿಷಯ.

ಇದಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಮಲೆನಾಡಿನ ಹುಡುಗ; ಈಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯ. ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿ ಅಮೆರಿಕದ ಮಾರ್ಟಿನ್ ಕಂಪೆನಿಯ ‘ಎಚ್‌ಡಿ-28’ ಎಂಬ ಗಿಟಾರನ್ನು ಕೊಂಡಿದ್ದ. ಆರು ತಿಂಗಳು ಹಗಲಿರುಳೆನ್ನದೆ ನುಡಿಸಿದ. ಆಮೇಲೆ ತಿಳಿದವರೆನಿಸಿಕೊಂಡ ಕೆಲವರು ಅವನ ವಾದ್ಯವನ್ನು ತಿರುಗಿಸಿ ನೋಡಿ, “ಇದು ಯುದ್ಧಪೂರ್ವದ ಗಿಟಾರಿನ ಅನುಕರಣೆ ಅಷ್ಟೆ. ಅಸಲಿನಲ್ಲಿದ್ದುದು ಬ್ರೆಜಿಲ್ ದೇಶದ ಮರ, ಇದರಲ್ಲಿರುವುದು ಬರಿಯ ಇಂಡಿಯಾದ್ದು” ಎಂದರಂತೆ. ಅಂದಿನಿಂದ ಅವನು ಪೆಟ್ಟಿಗೆಯನ್ನು ತೆರೆದಿರಲಿಲ್ಲ. ಮಾರಿಬಿಡಲೇ ಎಂದು ಕೇಳುವುದಕ್ಕಾಗಿ ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದ.

ಹಾಸ್ಟೆಲಿನ ದಿನಗಳಲ್ಲಿ ಗೆಳೆಯನೊಬ್ಬನಿಂದ ಕಲಿತ ಅಲ್ಪ ಗಿಟಾರು ನನ್ನಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಗಿಟಾರುಗಳನ್ನಾದರೋ ನಾನು ಧ್ವನಿಮುದ್ರಿಕೆಗಳಲ್ಲಿ ಕೇಳಿದವನೇ ಹೊರತು ಕೈಯಲ್ಲಿ ಹಿಡಿದವನಲ್ಲ. ಆದರೆ ಆ ಹುಡುಗನ ವಾದ್ಯಕ್ಕೆ ತೀರ್ಪು ಕೊಟ್ಟವರೂ ಹಿಡಿದವರಲ್ಲವೆಂದು ವಿಚಾರಿಸಿದಾಗ ತಿಳಿಯಿತು. ಹೀಗಿರುವಾಗ ಅವರು ಯಾವುದನ್ನು ಯಾವುದರೊಡನೆ ಹೋಲಿಸಿದರು? ಇದನ್ನು ಕೊಂಚ ಬಿಡಿಸಿ ನೋಡುವುದು ಅಗತ್ಯವೆಂದು ನನಗೆ ತೋರಿತು.

ಮೊದಲು ಆ ‘ಅಸಲಿ’ನ ಚರಿತ್ರೆ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಷೆನ್ ಎಂಬ ಊರಿನಿಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬ ಕುಶಲಿ 1833ರಲ್ಲಿ ನ್ಯೂಯಾರ್ಕಿಗೆ ವಲಸೆ ಹೋದ; ಕೆಲವು ವರ್ಷಗಳಲ್ಲಿ ಪೆನ್ಸಿಲ್ವೇನಿಯದ ನಾಜರೆತ್ ಊರಿನಲ್ಲಿ ನೆಲೆಗೊಂಡ. ಅವನ ವಂಶದವರ ಕಾರ್ಖಾನೆಯಲ್ಲಿ 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಎಂಬ ವ್ಯಾಪಾರ ಸಂಸ್ಥೆಗಾಗಿ ದೊಡ್ಡ ಒಡಲಿನ ಒಂದು ಗಿಟಾರು ತಯಾರಾಯಿತು. ಬ್ರಿಟಿಷರ ಪ್ರಸಿದ್ಧ ಯುದ್ಧನೌಕೆಯ ಹೆಸರಿನಿಂದ ಅದನ್ನು ‘ಡ್ರೆಡ್‌ನಾಟ್’ ಎಂದು ಕರೆದರು. 1931ರಲ್ಲಿ ಮಾರ್ಟಿನ್ ಸಂಸ್ಥೆ ಅದನ್ನು ತನ್ನ ಹೆಸರಿನಲ್ಲಿಯೇ ಹೊರತಂದಿತು. ಈ ಬಗೆಯಲ್ಲಿ ‘ಡಿ-28’ ಎಂಬುದು 1934ರಿಂದೀಚೆಗೆ ಪಡೆದ ರೂಪವೇ ಇಂದು ಎಲ್ಲರೂ ಹಂಬಲಿಸುವ ರೂಪ. ಮೇಲ್ಹಲಗೆ ಅಡಿರಾಂಡ್ಯಾಕ್ ಬೆಟ್ಟಗಳ ಹೆಸರು ಹೊತ್ತ ಕೆಂಪು ಸ್ಪ್ರೂಸ್ ಮರದ್ದು. ಹಿಂಬದಿ ಮತ್ತು ಪಕ್ಕಗಳು ಬ್ರೆಜಿಲಿನ ರೋಸ್‌ವುಡ್ಡಿನವು. ಅಂಚಿನಲ್ಲಿ ಮೀನಿನ ಮುಳ್ಳಿನಂತೆ ಹೆಣೆದ ‘ಹೆರಿಂಗ್‌ಬೋನ್’ ಪಟ್ಟಿ.

ಆದರೆ ಮರ್ಮವಿರುವುದು ಕಣ್ಣಿಗೆ ಕಾಣುವ ಅಂಚಿನಲ್ಲಲ್ಲ. ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವುಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮವಾಗುತ್ತದೆ. ಒಬ್ಬ ವಯಸ್ಕ ಮನುಷ್ಯನ ಭಾರ. ಅದನ್ನು ತಾಳಿಕೊಳ್ಳಬೇಕಾದ ಮೇಲ್ಹಲಗೆಯ ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಆದುದರಿಂದ ಹಲಗೆಯ ಒಳಮೈಗೆ ಕತ್ತರಿಯಾಕಾರದಲ್ಲಿ ಆಸರೆಪಟ್ಟಿಗಳನ್ನು ಅಂಟಿಸುತ್ತಾರೆ. ಪಟ್ಟಿಗಳು ದಪ್ಪವಾದರೆ ಹಲಗೆ ಭದ್ರ, ಆದರೆ ಕಂಪಿಸದು. ತೆಳುವಾದರೆ ತುಂಬು ನಾದ, ಆದರೆ ಹಲಗೆ ಉಬ್ಬಿ ಹಾಳಾಗುವ ಭಯ. 1930ರ ದಶಕದ ಕುಶಲಿಗಳು ಪಟ್ಟಿಗಳ ನಡುಭಾಗವನ್ನು ಉಳಿಯಿಂದ ತೋಡಿ ಹಗುರಗೊಳಿಸಿ, ಅವು ಕೂಡುವ ಜಾಗವನ್ನು ನಾದರಂಧ್ರದಿಂದ ಒಂದಂಗುಲದಷ್ಟು ಸಮೀಪಕ್ಕೆ ತಂದು, ಹಲಗೆಗೆ ಉಸಿರಾಡಲು ಎಡೆ ಮಾಡಿಕೊಟ್ಟಿದ್ದರು. ಆ ವಾದ್ಯದ ಗಂಭೀರವಾದ ಮಂದ್ರಕ್ಕೆ ಮುಖ್ಯ ಕಾರಣ ಇದು.

ಆಮೇಲೆ ಒಂದೊಂದಾಗಿ ಬದಲಾವಣೆಗಳು ಬಂದುವು. ದಶಕದ ಕೊನೆಯ ಹೊತ್ತಿಗೆ ಪಟ್ಟಿಗಳ ಕೂಡುಜಾಗ ಹಿಂದಕ್ಕೆ ಸರಿಯಿತು. ಭಾರವಾದ ತಂತಿಗಳನ್ನು ಕಟ್ಟುವ ರೂಢಿ ಬೆಳೆದು ಹಲಗೆಗಳು ಉಬ್ಬತೊಡಗಿದುದರಿಂದ 1944ರಲ್ಲಿ ಪಟ್ಟಿ ತೋಡುವುದು ನಿಂತುಹೋಯಿತು. ಯುದ್ಧ ಮುಗಿಯುವ ವೇಳೆಗೆ ಕೆಂಪು ಸ್ಪ್ರೂಸ್ ದುರ್ಲಭವಾಗಿ ಸಿಟ್ಕಾ ಸ್ಪ್ರೂಸ್ ಬಂದಿತು. ಅಂಚಿನ ಪಟ್ಟಿ 1947ರ ಹೊತ್ತಿಗೆ ಮಾಯವಾಯಿತು. ಬ್ರೆಜಿಲ್ ಸರಕಾರ ದಿಮ್ಮಿಗಳ ರಫ್ತನ್ನು ತಡೆದ ಮೇಲೆ 1969ರಲ್ಲಿ ಆ ದೇಶದ ರೋಸ್‌ವುಡ್ಡೂ ಹೋಗಿ ಅದರ ಜಾಗಕ್ಕೆ ಇಂಡಿಯಾದ ರೋಸ್‌ವುಡ್ ಬಂದಿತು. ಹೆಸರು ಅದೇ ‘ಡಿ-28’. ಗಿಟಾರು ಮಾತ್ರ ಬೇರೆ.

ಕಳೆದುಕೊಂಡುದರ ಬೆಲೆ ಕಳೆದುಕೊಂಡ ಮೇಲೆಯೇ ತಿಳಿಯುವುದು ಲೋಕರೂಢಿ. ಹಳೆಯ ವಾದ್ಯಗಳ ಬೇಡಿಕೆ ಏರುತ್ತಿದ್ದಂತೆ ಸಂಸ್ಥೆಯು 1976ರಲ್ಲಿ ತೋಡಿದ ಪಟ್ಟಿ ಮತ್ತು ಮೀನುಮುಳ್ಳಿನ ಅಂಚುಗಳೊಡನೆ ‘ಎಚ್‌ಡಿ-28’ನ್ನು ಹೊರತಂದಿತು. ನನ್ನ ವಿದ್ಯಾರ್ಥಿಯ ಕೈಯಲ್ಲಿದ್ದುದು ಈ ಸಂತತಿಯದು. ಈ ಶತಮಾನದಲ್ಲಿ ಇನ್ನೂ ಕಟ್ಟುನಿಟ್ಟಾದ ಮರುನಿರ್ಮಿತಿಗಳು ಬಂದಿವೆ. ‘ಡಿ-28 ಅಥೆಂಟಿಕ್ 1937’ ಎಂಬುದರಲ್ಲಿ ಪಟ್ಟಿಗಳ ಜಾಗ ಮತ್ತು ಆಕಾರ, ಚರ್ಮದಿಂದ ಕುದಿಸಿದ ಹಳೆಯ ಬಗೆಯ ಅಂಟು, ಕತ್ತಿನೊಳಗಿನ ಅಚಲವಾದ ಉಕ್ಕಿನ ಸರಳು, ಎಲ್ಲವೂ ಆ ವರ್ಷದ ವಾದ್ಯದಂತೆಯೇ ಇರಬೇಕೆಂಬ ಹಟವಿದೆ. ಸಾಲದುದಕ್ಕೆ, ಮೇಲ್ಹಲಗೆಯ ಮರವನ್ನು ಆಮ್ಲಜನಕ ತಗಲದ ಒಲೆಯಲ್ಲಿ ಕಾಯಿಸಿ, ತೇವವನ್ನೂ ರಾಳವನ್ನೂ ಕಳೆದು, ಹಳೆಯ ಮರದ ಗುಣ ಬರುವಂತೆ ಮಾಡುವ ವಿಧಾನವನ್ನು 2015ರಿಂದೀಚೆಗೆ ಬಳಸುತ್ತಿದ್ದಾರೆ.

ಕನ್ನಡ ಮೇಷ್ಟ್ರಾದ ನನಗೆ ಇದೆಲ್ಲ ಅಷ್ಟೇನೂ ಅಪರಿಚಿತವೆನಿಸಲಿಲ್ಲ. ನಮ್ಮಲ್ಲಿ ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಓಲೆಗರಿಯ ಪ್ರತಿಗಳನ್ನು ಪರೀಕ್ಷಿಸುವ ಶಾಸ್ತ್ರವನ್ನು ವಿವರಿಸಿದ್ದಾರೆ. ಹಳೆಯದೊಂದನ್ನು ಮತ್ತೆ ಹೊರತರುವಾಗ ಎರಡು ದಾರಿಗಳುಂಟು. ಪ್ರತಿಯಲ್ಲಿರುವುದನ್ನು ತಪ್ಪುಗಳ ಸಮೇತ ಹಾಗೆಯೇ ಇಳಿಸುವುದು ಒಂದು. ಕವಿಯ ಉದ್ದೇಶವನ್ನು ಅರಿತು ಪಾಠವನ್ನು ನಿರ್ಣಯಿಸುವುದು ಇನ್ನೊಂದು. ಮೊದಲನೆಯದಕ್ಕೆ ಶ್ರದ್ಧೆ ಸಾಕು. ಎರಡನೆಯದಕ್ಕೆ ಶ್ರದ್ಧೆಯ ಜೊತೆಗೆ ವಿವೇಕವೂ ಬೇಕು. ಗಿಟಾರಿನ ಮರುನಿರ್ಮಿತಿಯನ್ನು ಬೆಲೆಕಟ್ಟುವವರು ಸಾಮಾನ್ಯವಾಗಿ ಮೊದಲನೆಯ ಅಳತೆಗೋಲನ್ನೇ ಹಿಡಿಯುತ್ತಾರೆ: ಎಷ್ಟು ವಿವರಗಳು ಹಳೆಯದರಂತಿವೆ, ಎಷ್ಟು ಇಲ್ಲ ಎಂಬ ಎಣಿಕೆ. ಈ ಅಳತೆಗೋಲು ಸಾಲದೆಂಬುದೇ ನನ್ನ ವಾದ.

ಏಕೆಂದರೆ, ಯಾವುದರಂತಿರಬೇಕು ಎಂಬುದೇ ಸ್ಪಷ್ಟವಿಲ್ಲ. 1937ರಲ್ಲಿ ಅಂಗಡಿಯ ಗೂಟದಲ್ಲಿ ತೂಗುತ್ತಿದ್ದ ಹೊಸ ಗಿಟಾರಿನಂತೆಯೋ? ಅದರ ನಾದವನ್ನು ಕೇಳಿ ನೆನಪಿಟ್ಟುಕೊಂಡವರು ಇಂದು ಯಾರಿದ್ದಾರೆ? ಎಂಬತ್ತಕ್ಕೂ ಹೆಚ್ಚು ವರ್ಷ ಮರವೊಣಗಿ, ಅರಗು ಸವೆದು, ಸಾವಿರಾರು ರಾತ್ರಿ ನುಡಿದ ಇಂದಿನ ಮುದಿ ಗಿಟಾರಿನಂತೆಯೋ? ಹಾಗಾದರೆ ಅದು 1937ರ ವಾದ್ಯವಲ್ಲ, ಈ ಹೊತ್ತಿನದು. ಮರವನ್ನು ಒಲೆಯಲ್ಲಿ ಕಾಯಿಸುವವರು ಒಂದೇ ವಾದ್ಯದಲ್ಲಿ ಅದರ ಹುಟ್ಟನ್ನೂ ಮುಪ್ಪನ್ನೂ ಏಕಕಾಲಕ್ಕೆ ಕೊಡಲು ಹೊರಟಿದ್ದಾರೆ. ಇನ್ನೊಂದು ಮಾತು: ಉಬ್ಬಿ ಒಡೆದುಹೋದ ಹಳೆಯ ಗಿಟಾರುಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಉಳಿದು ಬಂದಿರುವುವು ಮರ, ಕೆಲಸ, ಒಡೆಯರ ಅಕ್ಕರೆ ಮೂರೂ ಕೂಡಿಬಂದ ಅದೃಷ್ಟವಂತ ವಾದ್ಯಗಳು. ಅವುಗಳಲ್ಲಿಯೂ ಧ್ವನಿಮುದ್ರಣಗೊಂಡುವು ಶ್ರೇಷ್ಠ ವಾದಕರ ಕೈಯಲ್ಲಿದ್ದುವು. ಇಷ್ಟು ಜರಡಿಗಳಲ್ಲಿ ಸೋಸಿ ಬಂದುದನ್ನು ನಿನ್ನೆ ಕಾರ್ಖಾನೆಯಿಂದ ಹೊರಬಿದ್ದ ಒಂದರೊಡನೆ ಹೋಲಿಸಿ, “ಹಿಂದಿನ ಕಾಲದ್ದೇ ಚೆನ್ನ” ಎಂದು ನಿಟ್ಟುಸಿರಿಡುವುದು ನ್ಯಾಯವೆನಿಸದು.

‘ಅಸಲು’ ಎಂಬ ಮಾತು ಎಷ್ಟು ಜಾರುವಂಥದೆಂಬುದಕ್ಕೆ ಒಂದು ಪ್ರಸಿದ್ಧ ವಾದ್ಯದ ಕಥೆಯೇ ಸಾಕ್ಷಿ. 1935ರಲ್ಲಿ ತಯಾರಾದ ಒಂದು ಡಿ-28 ಕ್ಲಾರೆನ್ಸ್ ವೈಟ್ ಎಂಬ ವಾದಕನ ಕೈಸೇರಿತು. ಅದರ ನಾದರಂಧ್ರವನ್ನು ಯಾರೋ ಕೆತ್ತಿ ಹಿಗ್ಗಿಸಿಬಿಟ್ಟಿದ್ದರು, ಬೆರಳುಹಲಗೆಯೂ ಮೂಲದ್ದಾಗಿರಲಿಲ್ಲ. ಶುದ್ಧಿಯನ್ನೇ ನೋಡುವ ಸಂಗ್ರಾಹಕ ಮೂಸಿಯೂ ನೋಡಬಾರದ ವಾದ್ಯ ಅದು. ವೈಟ್ 1973ರಲ್ಲಿ ತೀರಿಕೊಂಡ. 1975ರಲ್ಲಿ ಅದನ್ನು ಕೊಂಡ ಟೋನಿ ರೈಸ್ 2020ರಲ್ಲಿ ಕಣ್ಮುಚ್ಚುವವರೆಗೂ ತನ್ನದಾಗಿ ಇಟ್ಟುಕೊಂಡು, ಬ್ಲೂಗ್ರಾಸ್ ಸಂಗೀತದಲ್ಲಿ ಗಿಟಾರಿನ ಸ್ಥಾನವನ್ನೇ ಬದಲಿಸಿದ. ಆ ಬಳಿಕ ನಡೆದುದು ಸ್ವಾರಸ್ಯದ ಸಂಗತಿ. ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್ ಸಂಸ್ಥೆಯವರು ಆ ವಾದ್ಯವನ್ನು ಅನುಸರಿಸಿ ರೈಸನ ಹೆಸರಿನಲ್ಲಿ ಗಿಟಾರುಗಳನ್ನು ಮಾಡಿದಾಗ ಹಿಗ್ಗಿಸಿದ ಆ ರಂಧ್ರವನ್ನೂ ಅನುಸರಿಸಿದರು. ಲಿಪಿಕಾರನೊಬ್ಬನ ಕೈತಪ್ಪು ಕಾಲಾಂತರದಲ್ಲಿ ಸ್ವೀಕೃತ ಪಾಠವಾಗಿ ನಿಲ್ಲುವುದನ್ನು ನಾವು ಹಳಗನ್ನಡ ಕಾವ್ಯಗಳಲ್ಲಿ ಕಂಡಿದ್ದೇವೆ. ಇಲ್ಲಿ ಹಾಗೆಯೇ ಒಂದು ಗಾಯ ಮಾದರಿಯಾಯಿತು. ಅದನ್ನು ಮಾದರಿಯಾಗಿಸಿದುದು ಇಬ್ಬರು ವಾದಕರ ಕೈಗಳು, ಕಾರ್ಖಾನೆಯ ದಾಖಲೆಯಲ್ಲ.

ಇನ್ನು ಮರದ ಮಾತು. ಹಿಂಬದಿಯ ಮರವೇ ನಾದದ ಜೀವಾಳವೆಂಬ ನಂಬಿಕೆ ಗಿಟಾರು ಲೋಕದಲ್ಲಿ ಗಾಢವಾಗಿದೆ. ಇದನ್ನು ಪರೀಕ್ಷಿಸಲು ಇಂಗ್ಲೆಂಡಿನಲ್ಲಿ ವಿದ್ವಾಂಸರೂ ರೋಜರ್ ಬಕ್ನಾಲ್ ಎಂಬ ಗಿಟಾರು ಕುಶಲಿಯೂ ಕೂಡಿ ಒಂದು ಪ್ರಯೋಗ ನಡೆಸಿದರು. ಎಲ್ಲ ವಿಷಯಗಳಲ್ಲಿಯೂ ಒಂದೇ ಬಗೆಯಾಗಿದ್ದು ಹಿಂಬದಿ ಮತ್ತು ಪಕ್ಕಗಳ ಮರದಲ್ಲಿ ಮಾತ್ರ ಬೇರೆಯಾದ ಆರು ಗಿಟಾರುಗಳನ್ನು ಕಟ್ಟಿದರು. ಬ್ರೆಜಿಲಿನ ರೋಸ್‌ವುಡ್, ಇಂಡಿಯಾದ ರೋಸ್‌ವುಡ್, ಮಹಾಗನಿ, ಮೇಪಲ್ ಮೊದಲಾದುವು ಅದರಲ್ಲಿದ್ದುವು. ಮಂದವಾದ ಬೆಳಕಿನಲ್ಲಿ, ಮರ ಕಾಣದಂತೆ ಕಪ್ಪು ಕನ್ನಡಕ ಹಾಕಿಸಿ, 52 ಮಂದಿ ವಾದಕರಿಂದ ಅವನ್ನು ನುಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶವಿಷ್ಟು: ಆರೂ ವಾದ್ಯಗಳಿಗೆ ಹೆಚ್ಚುಕಡಿಮೆ ಒಂದೇ ಅಂಕಗಳು ಬಂದಿದ್ದುವು. ಪಿಟೀಲಿನ ವಿಷಯದಲ್ಲಿಯೂ ಇಂಥದೇ ಅನುಭವವುಂಟು. 2010ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ 21 ಮಂದಿ ಪಿಟೀಲುವಾದಕರು ಕಣ್ಣಿಗೆ ಮಸುಕು ಹಾಕಿಕೊಂಡು ಹೊಸ ಪಿಟೀಲುಗಳನ್ನೂ ಸ್ಟ್ರಾಡಿವೇರಿ, ಗ್ವಾರ್ನೇರಿ ಕುಶಲಿಗಳ ಹಳೆಯವನ್ನೂ ನುಡಿಸಿದಾಗ, ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಗಳಿಸಿದುದು ಒಂದು ಹೊಸ ಪಿಟೀಲು. ತೀರ ಕಡಿಮೆ ಮೆಚ್ಚುಗೆ ಪಡೆದುದು ಒಂದು ಸ್ಟ್ರಾಡಿವೇರಿ.

ಇದರಿಂದ ಮರಕ್ಕೆ ಬೆಲೆಯೇ ಇಲ್ಲವೆಂದು ಸಾಧಿಸಹೊರಟರೆ ಅದೂ ಆತುರವಾದೀತು. ಆರು ಗಿಟಾರುಗಳ ಒಂದು ಪ್ರಯೋಗ ಕೊನೆಯ ಮಾತಲ್ಲ. ಮೇಲ್ಹಲಗೆಯ ವಿಷಯವಾಗಿ ಅದು ಏನನ್ನೂ ಹೇಳುವುದಿಲ್ಲ. ಆದರೆ ಕಣ್ಣು ಮುಚ್ಚಿದಾಗ ಕಾಣದ ಅಂತರವೊಂದು ಕಣ್ಣು ತೆರೆದೊಡನೆ ಆಕಾಶಪಾತಾಳಗಳ ಅಂತರವಾಗುವುದಾದರೆ, ಆ ಅಂತರ ಹುಟ್ಟಿದುದು ಕಿವಿಯಲ್ಲಲ್ಲವೆಂದು ಒಪ್ಪಬೇಕಾಗುತ್ತದೆ.

ನನ್ನ ವಿದ್ಯಾರ್ಥಿಯನ್ನು ನಾಚಿಸಿದ ಆ “ಬರಿಯ ಇಂಡಿಯಾದ್ದು” ಯಾವುದೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ರೋಸ್‌ವುಡ್ ಎಂದಷ್ಟೇ ಹೇಳಿದ. ಅದು ನಮ್ಮ ಬೀಟೆ. ಸಸ್ಯಶಾಸ್ತ್ರದಲ್ಲಿ ಡಾಲ್ಬರ್ಜಿಯ ಲ್ಯಾಟಿಫೋಲಿಯ ಎನಿಸಿಕೊಂಡು, ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಕೊಡಗು ಮಲೆನಾಡುಗಳ ಕಾಫಿತೋಟಗಳಲ್ಲಿ ನೆರಳಿನ ಮರವಾಗಿಯೂ ಬೆಳೆಯುವ ಬೀಟೆ. ಅವನ ಅಜ್ಜನ ಮನೆಯ ಹೆಬ್ಬಾಗಿಲೂ ಅಜ್ಜಿಯ ಮಂಚವೂ ಆ ಮರದವೇ. ಅವನ ಗಿಟಾರಿನ ಹಲಗೆ ಯಾವ ಬೆಟ್ಟದ್ದೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಅರ್ಧ ಭೂಮಂಡಲ ದಾಟಿ ಪೆನ್ಸಿಲ್ವೇನಿಯಕ್ಕೆ ಹೋಗಿ, ವಾದ್ಯವಾಗಿ, ಮತ್ತೆ ಮಲೆನಾಡಿನ ಹುಡುಗನ ತೊಡೆಯೇರಿದ ಮರವನ್ನು ಅವನು ಬ್ರೆಜಿಲಿನದಲ್ಲವೆಂಬ ಕಾರಣಕ್ಕೆ ಕತ್ತಲೆಯಲ್ಲಿಟ್ಟಿದ್ದನೆಂಬುದು ನನ್ನನ್ನು ಬಹಳ ನೋಯಿಸಿತು. ಬೀಟೆ 1969ರಲ್ಲಿ ಬದಲಿಯಾಳಾಗಿ ಆ ಕಾರ್ಖಾನೆಯನ್ನು ಹೊಕ್ಕಿತು. ಅರ್ಧ ಶತಮಾನ ದುಡಿದ ಮೇಲೆಯೂ ಕೆಲವರ ಕಣ್ಣಿಗೆ ಬದಲಿಯಾಳಾಗಿಯೇ ಉಳಿದಿದೆ.

ಇದರಲ್ಲಿ ನಾಡಿನ ಅಭಿಮಾನಕ್ಕಿಂತ ದೊಡ್ಡ ಮಾತೊಂದಿದೆ. ಬ್ರೆಜಿಲಿನ ರೋಸ್‌ವುಡ್ ದುರ್ಲಭವಾದುದು ತನ್ನಷ್ಟಕ್ಕೆ ಅಲ್ಲ. ಅಲ್ಲಿನ ಕರಾವಳಿಯ ಕಾಡುಗಳನ್ನು ಕಡಿದು ಮುಗಿಸಿದುದರಿಂದ. 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದರ ವ್ಯಾಪಾರವನ್ನು ನಿಷೇಧಿಸಬೇಕಾಯಿತು. ಹಳೆಯದನ್ನು ಅಕ್ಷರಶಃ ಹೋಲಬೇಕೆಂಬ ಹಟದಿಂದ ಕುಶಲಿಗಳು ಅದಕ್ಕೆ ಹತ್ತಿರದ ಮರವನ್ನು ಹುಡುಕುತ್ತ ಮಡಗಾಸ್ಕರಿನ ರೋಸ್‌ವುಡ್ಡಿನ ಕಡೆ ತಿರುಗಿದರು. ನಾನು ಮೇಲೆ ಹೇಳಿದ 1937ರ ಮರುನಿರ್ಮಿತಿಗೂ ಆ ಮರವನ್ನು ಬಳಸಿದರು. ಆ ದ್ವೀಪದಲ್ಲಿ 2009ರ ರಾಜಕೀಯ ಕ್ಷೋಭೆಯ ಕಾಲಕ್ಕೆ ರಕ್ಷಿತಾರಣ್ಯಗಳೊಳಗೇ ನುಗ್ಗಿ ರೋಸ್‌ವುಡ್ ಕಡಿದು ಸಾಗಿಸಿದರೆಂಬುದು ಜಗತ್ತಿಗೆ ತಿಳಿದ ವಿಷಯ. 2017ರಿಂದ ನಮ್ಮ ಬೀಟೆಯನ್ನೂ ಒಳಗೊಂಡು ಆ ಕುಲದ ಎಲ್ಲ ಮರಗಳೂ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ. ಸಿದ್ಧವಾದ ವಾದ್ಯಗಳಿಗೆ ಮಾತ್ರ 2019ರಲ್ಲಿ ವಿನಾಯಿತಿ ದೊರೆಯಿತು. ಒಂದು ಕಾಡು ಮುಗಿದಾಗ ಇನ್ನೊಂದು ಕಾಡಿನತ್ತ ಕೈಚಾಚುವ ನಿಷ್ಠೆ ಎಂಥ ನಿಷ್ಠೆ? 1937ರ ಕುಶಲಿ ಬ್ರೆಜಿಲಿನ ಮರವನ್ನು ಬಳಸಿದುದು ಅದು ಅಂದು ಅವನಿಗೆ ಸುಲಭವಾಗಿ ಸಿಗುತ್ತಿದ್ದ ಒಳ್ಳೆಯ ಮರವಾದುದರಿಂದ. ಇಂದು ನ್ಯಾಯವಾಗಿ ದೊರೆಯುವ ಒಳ್ಳೆಯ ಮರವನ್ನು ಬಳಸುವವನೇ ಅವನ ನಿಜವಾದ ಉತ್ತರಾಧಿಕಾರಿ. ಬೀಟೆಗೂ ಈ ಮಾತು ಸಲ್ಲುತ್ತದೆ. ನೆಟ್ಟು ಬೆಳೆಸದೆ ಕಡಿದರೆ ಅದಕ್ಕೂ ಬ್ರೆಜಿಲಿನ ಗತಿ ತಪ್ಪಿದ್ದಲ್ಲ.

ಹಾಗಾದರೆ ಮರುನಿರ್ಮಿತಿಯನ್ನು ಅಳೆಯುವುದು ಹೇಗೆ? ನನಗೆ ತೋಚಿದ ಕ್ರಮ ಇದು. ಮೊದಲು ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತು, ಬೆಲೆಯನ್ನೂ ವರ್ಷವನ್ನೂ ಕೇಳದೆ ಆಲಿಸಬೇಕು. ಮೆಲ್ಲಗೆ ಮೀಟಿದಾಗಲೂ ನಾದ ತುಂಬಿಬರುತ್ತದೆಯೇ? ಬಿರುಸಾಗಿ ನುಡಿಸಿದಾಗ ಸ್ವರಗಳು ಒಂದರಮೇಲೊಂದು ಬಿದ್ದು ಕಲಸಿಹೋಗುತ್ತವೆಯೇ, ಬಿಡಿಬಿಡಿಯಾಗಿ ನಿಲ್ಲುತ್ತವೆಯೇ? ಆಮೇಲೆ ಕೈಗೆತ್ತಿಕೊಂಡು ಅದರ ಹಗುರವನ್ನು ನೋಡಬೇಕು. ಹಳೆಯ ಕುಶಲಿಗಳ ದೊಡ್ಡತನವಿದ್ದುದು ಅವರು ವಹಿಸಿದ ಅಪಾಯದಲ್ಲಿ. ಮುರಿಯುವುದಕ್ಕೆ ಕೂದಲೆಳೆಯಷ್ಟು ಈಚೆಗೆ ನಿಲ್ಲುವಂತೆ ಅವರು ಮರವನ್ನು ತೋಡಿದರು. ಮರುನಿರ್ಮಾಪಕನು ದುರಸ್ತಿಯ ದೂರುಗಳಿಗೆ ಹೆದರಿ ಒಳಗೆ ದಪ್ಪ ಪಟ್ಟಿಯಿಟ್ಟು ಹೊರಗೆ ಮೀನುಮುಳ್ಳಿನ ಅಂಚು ಅಂಟಿಸಿದ್ದರೆ, ಅವನು ಹಳೆಯದರ ವೇಷವನ್ನು ತೊಟ್ಟಿದ್ದಾನೆ, ಅಷ್ಟೆ. ಅದೇ ಅಪಾಯವನ್ನು ತಾನೂ ವಹಿಸಿದ್ದರೆ, ಅಂಚು ಇಲ್ಲದಿದ್ದರೂ ಚಿಂತೆಯಿಲ್ಲ, ಅವನು ಹಳೆಯದನ್ನು ಅರಿತವನು. ಗೀರುಗಳನ್ನೂ ಸವೆತವನ್ನೂ ಉಪಕರಣಗಳಿಂದ ಮೂಡಿಸಿ ‘ಹಳೆಯದರಂತೆ’ ಮಾರುವ ಪದ್ಧತಿಯೊಂದು ಈಚೆಗೆ ಬಂದಿದೆ. ಅದನ್ನು ನಾನು ಒಪ್ಪಲಾರೆ. ನುಡಿಸದೆ ಬಂದ ಸವೆತ ಓದದೆ ಬಂದ ಪದವಿಯಂತೆ.

ಹಳೆಯ ವಾದ್ಯಗಳನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. ಅವು ನಮ್ಮ ಮೂಲಪ್ರತಿಗಳು; ಅವು ಉಳಿಯದಿದ್ದರೆ ಮರುನಿರ್ಮಿತಿಗಾರನಿಗೆ ಅಳತೆಯೇ ಇಲ್ಲ. ಚರಿತ್ರೆಯ ಬೆಲೆಯನ್ನು ಯಾವ ಕಾರ್ಖಾನೆಯೂ ಮತ್ತೆ ತಯಾರಿಸಲಾರದು. ಆದರೆ ಓಲೆಗರಿಯನ್ನು ಭಂಡಾರದಲ್ಲಿ ಜೋಪಾನವಾಗಿಟ್ಟು ಅಚ್ಚಿನ ಪುಸ್ತಕವನ್ನು ಹುಡುಗರ ಕೈಗೆ ಕೊಡುವುದಿಲ್ಲವೆ? ಅಚ್ಚಿನ ಪಂಪಭಾರತವನ್ನು ಓದುವವನು ನಕಲಿ ಪಂಪನನ್ನು ಓದುತ್ತಿದ್ದಾನೆಂದು ಯಾರೂ ಹೇಳಿದ್ದಿಲ್ಲ.

ಇಷ್ಟನ್ನೂ ಆ ದಿನ ನಾನು ಹುಡುಗನಿಗೆ ಹೇಳಲಿಲ್ಲ, ಹೇಳಿದ್ದರೆ ತರಗತಿಯಾಗಿಬಿಡುತ್ತಿತ್ತು. ಪೆಟ್ಟಿಗೆಯನ್ನು ತೆರೆಯಿಸಿದೆ. ತಂತಿಗಳಿಗೆ ತುಕ್ಕು ಹಿಡಿದಿತ್ತು. ಪೇಟೆಗೆ ಹೋಗಿ ಹೊಸ ತಂತಿ ತಂದೆವು. ಕಟ್ಟಿ, ಶ್ರುತಿಮಾಡಿ, ನಾನು ಗೋಡೆಯ ಕಡೆ ಮುಖಮಾಡಿ ಕುಳಿತೆ. ಅವನು ಬಹಳ ಹೊತ್ತು ನುಡಿಸಿದ. ಮಂದ್ರದ ತಂತಿಯನ್ನು ಮೀಟಿದಾಗಲೆಲ್ಲ ನಾನು ಕುಳಿತಿದ್ದ ಮರದ ಬೆಂಚು ಸಣ್ಣಗೆ ನಡುಗುತ್ತಿತ್ತು. ಸಂಜೆ ಹೊರಡುವಾಗ ಅವನು ಮಾರುವ ಮಾತನ್ನೆತ್ತಲಿಲ್ಲ. ಹಳೆಯ ತಂತಿಗಳನ್ನು ಎಲ್ಲಿ ಎಸೆಯಲಿ ಎಂದಷ್ಟೇ ಕೇಳಿದ.